ಝರ್ ಎನ್ನುವ ಮೂರನೆಯ ತಂತಿ

ಮೇ 3, ಬೆಳಿಗ್ಗೆ

ಇವತ್ತೂ ಚಹಾ ಅವನದೇ. ಚಹಾ ಅಲ್ಲ, ಪಾಕ! ಆದರೂ ಕುಡಿದು "ಸೂಪರ್" ಎಂದೆ. ಮದುವೆಯ ಮರುದಿನ ಹಾಗೆಂದುಬಿಟ್ಟೆ, ಈಗ ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆ? ಅವನ ಮುಖ ಅರಳುವುದನ್ನು ನೋಡಿದರೆ ಇನ್ನೊಂದು ಕಪ್ಪನ್ನೂ ಕುಡಿದೇನು.

ಅದೇ ದಿನ, ಸಂಜೆ

ಯುಕುಲೆಲೆ!!! ನನಗೆ! ಜೇನುಬಣ್ಣದ, ನಾಲ್ಕು ತಂತಿಯ ಪುಟ್ಟ ಗಿಟಾರ್, ತೊಡೆಯ ಮೇಲೆ ಮಗುವಿನ ಹಾಗೆ ಕೂರುತ್ತದೆ. ಕಾಲೇಜಿನಲ್ಲಿ ಗೆಳತಿಯದನ್ನು ನುಡಿಸುತ್ತಿದ್ದೆ, ನನ್ನದೇ ಒಂದು ಇರಬೇಕಿತ್ತು ಎಂದು ಮದುವೆಗೆ ಮುಂಚೆ ಫೋನಿನಲ್ಲಿ ಯಾವಾಗಲೋ ಹೇಳಿದ್ದೆ. ನೆನಪಿಟ್ಟುಕೊಂಡಿದ್ದಾನೆ, ನನ್ನ ಮಹಾಶಯ! (ಅತ್ತೆಯ ಮುಂದೆ "ರೀ", ಕೋಣೆಯಲ್ಲಿ "ಲೋ", ಇಲ್ಲಿ ಮಹಾಶಯ.)

"ಅಂಗಡೀಲಿದ್ದ ಎಲ್ಲದನ್ನೂ ಎತ್ತಿ ನೋಡಿ ಆರಿಸಿದ್ದು. ತಿಂಗಳೊಳಗೆ ತಂದ್ರೆ ಬದಲಾಯಿಸಿ ಕೊಡ್ತಾರಂತೆ. ಬೇಕಾಗಲ್ಲ ಬಿಡು."

ನುಡಿಸಿದೆ. ಅವನು ಹಾಡಿದ. (ಹಾಡಿನ ವಿಷಯ ಈಗ ಬೇಡ.)

ಮೂರನೆಯ ತಂತಿ ಝರ್ ಎಂದಿತು. ಡಬ್ಬದಲ್ಲಿ ಸಿಕ್ಕಿಬಿದ್ದ ನೊಣದ ಹಾಗೆ. ಅವನಿಗೆ ಕೇಳಿಸಲಿಲ್ಲವೇ?

"ಹೇಗಿದೆ?" ಎಂದ.

"ಸೂಪರ್."

ಮೇ 6

ಮಹಾಶಯ ಆಫೀಸಿಗೆ. ನಾನು ವಿಡಿಯೋಗಳ ಮುಂದೆ. ಬೆರಳಿಡದೆ ಮೀಟಿದಾಗ ಝರ್ ಎಂದರೆ ತಲೆಯ ಕಡೆ ತಂತಿ ಕೂರುವ ಪಟ್ಟಿಯಲ್ಲಿ ಸಂದು ಆಳವಾಗಿದೆ ಎಂದರ್ಥವಂತೆ. ಸಂದಿಗೆ ಚೂರು ಕಾಗದ ಮಡಚಿಟ್ಟೆ.

ಝರ್ ಹೋಯಿತು! ಅಡುಗೆಮನೆಯಲ್ಲಿ ಒಬ್ಬಳೇ ಕುಣಿದೆ. ಒಬ್ಬಳೇ ಅಲ್ಲ, ಅತ್ತೆ ಬಾಗಿಲಲ್ಲಿದ್ದರು. ಮಾವನವರ ಹಳೇ ಸ್ವೆಟರಿನ ನೂಲು ಬಿಚ್ಚುತ್ತ ಕೂತರು.

ಸಂಜೆ ಮಹಾಶಯ ನನ್ನ ಬೆರಳ ತುದಿಗಳನ್ನು ಹಿಡಿದು ನೋಡಿದ. ಕೆಂಪಾಗಿದ್ದವು. "ನೋಯುತ್ತಾ?"

"ಚೂರೂ ಇಲ್ಲ."

ನೋಯುತ್ತದೆ. ಯಾರಿಗೆ ನೋಯುವುದಿಲ್ಲ?

ಮೇ 8

ಮತ್ತೆ ಝರ್! ಈ ಸಲ ಬೆರಳಿಟ್ಟಾಗಲೂ, ನಾಲ್ಕೂ ತಂತಿ. ಶ್ರುತಿಯೂ ಪೂರ್ತಿ ಇಳಿದಿತ್ತು. ಹೊಸ ತಂತಿ ಹಿಗ್ಗುತ್ತದಂತೆ, ಅದಕ್ಕೇ ಇರಬೇಕು.

ಕೆಳಗೆ ತಂತಿಗಳನ್ನು ಎತ್ತಿ ಹಿಡಿಯುವ ಬಿಳಿ ಪಟ್ಟಿ ಇದೆ, ಸ್ಯಾಡಲ್. ತಂತಿ ಸಡಿಲಿಸಿ, ಅದನ್ನು ಕಿತ್ತು, ಅಡಿಗೆ ವಿಸಿಟಿಂಗ್ ಕಾರ್ಡಿನ ಪಟ್ಟಿ ಕತ್ತರಿಸಿ ಇಟ್ಟೆ. ಮಹಾಶಯನದೇ ಕಾರ್ಡು. ರೊಮ್ಯಾಂಟಿಕ್, ಅಲ್ಲವೇ?

ನನ್ನ ಉಗುರು ಉಜ್ಜುವ ಪಟ್ಟಿಯ ಮೇಲೆ ಬಿಳಿ ಪುಡಿ. ಪೌಡರ್ ಚೆಲ್ಲಿದೆನೇನೋ.

ಮೇ 11

ಮತ್ತೆ!! ಇನ್ನೂ ಜೋರು. ಕಾರ್ಡಿನ ಪಟ್ಟಿಯೇ ಮಾಯ.

ಹಾಸಿಗೆಯ ಮೇಲೆ ಅದನ್ನು ಪಕ್ಕದಲ್ಲಿಟ್ಟುಕೊಂಡು ಮಲಗಿದ್ದೆ. ಹೇಳಿಬಿಡಲೇ? "ನೀನು ತಂದದ್ದು ಸರಿಯಿಲ್ಲ." ಮೂರೇ ಪದ. ಶಾಲೆಯಲ್ಲಿ ಡಿಬೇಟ್‌ಗೆ ಕಪ್ ಗೆದ್ದವಳು ನಾನು! ಆದರೆ ಇದನ್ನು ಹೇಳಿದರೆ ಹಿಂದೆ ಹೇಳಿದ ಸೂಪರ್‌ಗಳೆಲ್ಲ ಸುಳ್ಳೆಂದು ತಿಳಿಯುತ್ತದೆ. ಚಹಾ. ಹಾಡು. ಆಮೇಲೆ ನಾನು ನಿಜವಾಗಿ ಮೆಚ್ಚಿದ್ದನ್ನೂ ಅವನು ನಂಬುವುದು ಹೇಗೆ?

ತಿಂಗಳೊಳಗೆ, ಎಂದಿದ್ದಾನೆ ಅಂಗಡಿಯವನು. ದಿನಗಳು ಓಡುತ್ತಿವೆ.

ಮೇ 19, ಭಾನುವಾರ

ಮತ್ತೊಂದು ಪಟ್ಟಿ ಕತ್ತರಿಸುತ್ತಿದ್ದೆ. ಮಹಾಶಯ ಸ್ನಾನಕ್ಕೆ ಹೋಗಿದ್ದ. ಅತ್ತೆ ನೂಲಿನ ಉಂಡೆ ಕೆಳಗಿಟ್ಟರು.

"ಅಲ್ಲ ಕಣೇ, ಆ ಬಿಳಿ ಪಟ್ಟೀನ ನೀನು ಹಗಲು ಎತ್ತರಿಸ್ತೀಯ, ಅವನು ಬೆಳಗಾಗೆದ್ದು ಉಜ್ಜಿ ತಗ್ಗಿಸ್ತಾನೆ. ಎತ್ತು ಏರಿಗೆಳೆದ್ರೆ ಕೋಣ ನೀರಿಗೆಳೀತಂತೆ. ಆ ಬಡಪಾಯಿ ಪೆಟ್ಟಿಗೆ ಏನು ತಪ್ಪು ಮಾಡಿದೆ?"

"ಅವರು ಉಜ್ತಾರಾ?!"

"ನಿನ್ನ ಉಗುರಿನ ಪಟ್ಟೀಲೇ. ಬಾಲ್ಕನೀಲಿ ಕೂತು."

ಸ್ನಾನ ಮುಗಿಸಿ ಬಂದವನು ಬಾಗಿಲಲ್ಲೇ ನಿಂತ. ತಲೆಯಿಂದ ನೀರು ಸುರಿಯುತ್ತಿತ್ತು. "ನಿನ್ನ ಬೆರಳು ನೋಯ್ತಿತ್ತಲ್ಲ. ತಂತಿ ತಗ್ಗಿದ್ರೆ ನೋಯಲ್ಲ ಅಂತ... ಆ ಬಿಳಿ ಪಟ್ಟಿಯಡಿ ಇದ್ದ ಕಾಗದ ಪ್ಯಾಕಿಂಗ್‌ದು ಅಂದ್ಕೊಂಡು ಬಿಸಾಡ್ದೆ."

"ಅದು ನಿಮ್ಮ ವಿಸಿಟಿಂಗ್ ಕಾರ್ಡು ರೀ!"

"ಝರ್ ಅಂತಿದೆ ಅಂತ ಹೇಳ್ಬಾರ್ದಿತ್ತಾ?"

"ನಿಮಗೆ ಕೇಳಿಸ್ತಿತ್ತಾ?"

"ಮೊದಲನೇ ದಿನದಿಂದ. ನೀನು ಸೂಪರ್ ಅಂದೆ. ನನ್ನ ಕಿವೀನೇ ಸರಿಯಿಲ್ಲ ಅಂದ್ಕೊಂಡೆ."

ಅತ್ತೆ ಎದ್ದು ಒಳಗೆ ಹೋದರು. ನಗು ತಡೆಯಲಾಗದೆ ಹೋದದ್ದು, ಗೊತ್ತು. ನಮಗೆ ಮಾತ್ರ ನಗು ಬರಲಿಲ್ಲ.

ಮೇ 20, ಸಂಜೆ

ಅಂಗಡಿಗೆ ಹೋಗಿದ್ದೆವು. ಅಂಗಡಿಯವನು ಅದನ್ನು ಎತ್ತಿ, ಒಂದು ಕಣ್ಣು ಮುಚ್ಚಿ, ಬಂದೂಕಿನಲ್ಲಿ ಗುರಿಯಿಡುವವನ ಹಾಗೆ ಉದ್ದಕ್ಕೂ ನೋಡಿದ.

"ಕುತ್ತಿಗೆ ಹಿಂದಕ್ಕೆ ಬಾಗಿದೆ. ನಡುವೆ ಉಬ್ಬು, ತಂತಿ ಅದಕ್ಕೇ ತಾಗ್ತಿದೆ. ಮೊದಲಿಂದ್ಲೂ ಹೀಗೇ ಇತ್ತೇನೋ. ಕೈ ಹಾಕದೆ ಹಾಗೇ ತಂದಿದ್ರೆ ಬೇರೆ ಕೊಡ್ತಿದ್ದೆ. ಈಗ..." ಸವೆದ ಸ್ಯಾಡಲ್ ಮೇಲೆ ಬೆರಳಾಡಿಸಿದ. "ಇದನ್ನ ಯಾರು ಹೀಗೆ ಮಾಡಿದ್ದು?"

"ನಾನು" ಎಂದೆವು. ಇಬ್ಬರೂ ಒಟ್ಟಿಗೆ.

ಬದಲಾಯಿಸಲು ಆಗುವುದಿಲ್ಲವಂತೆ. ಹೊಸ ಸ್ಯಾಡಲ್ ಹಾಕಬಹುದು. ಬಿಗಿ ಎಳೆತದ ತಂತಿ ಕಟ್ಟಿದರೆ ಕುತ್ತಿಗೆ ಮುಂದಕ್ಕೆ ಬಂದರೂ ಬಂದೀತು. ನಿಧಾನಕ್ಕೆ. ಖಾತ್ರಿಯಿಲ್ಲ.

"ಇಲ್ಲಾಂದ್ರೆ ಇನ್ನೊಂದು ತಗೊಳ್ಳಿ."

"ಇದೇ ಸಾಕು" ಎಂದೆ. ಮಹಾಶಯ ತಿರುಗಿ ನೋಡಿದ. ಇದೂ ಸೂಪರ್‌ಗಳ ಸಾಲಿನದೇನೋ ಎಂದು ಅಳೆಯುತ್ತಿದ್ದ. ಅಲ್ಲ. ಆದರೆ ಅಲ್ಲ ಎಂದು ನಂಬಿಸಲು ನನ್ನ ಹತ್ತಿರ ಬೇರೆ ಮಾತೇ ಉಳಿದಿರಲಿಲ್ಲ. ಮನೆಯವರೆಗೂ ಅವನ ತೋಳು ಬಿಡಲಿಲ್ಲ.

ಮೇ 21, ಬೆಳಿಗ್ಗೆ

ಚಹಾ ಬಂತು. ಒಂದು ಗುಟುಕು. ಉಸಿರು ಬಿಗಿಹಿಡಿದು ಹೇಳಿದೆ: "ಲೋ, ಸಕ್ಕರೆ ಜಾಸ್ತಿ. ದಿನಾಲೂ ಜಾಸ್ತಿ."

ಕಪ್ಪನ್ನು ನೋಡಿದ, ನನ್ನನ್ನು ನೋಡಿದ. ಮುಖ ಸಣ್ಣದಾಯಿತು.

"ನಂಗೂ ಜಾಸ್ತೀನೇ" ಎಂದ. "ನಿಂಗಿಷ್ಟ ಅಂತ ನಾನೂ ಅದನ್ನೇ ಕುಡೀತಿದ್ದೆ."

ಆಗ ಬಂತು ನಗು. ಚಹಾ ಹಾಸಿಗೆಯ ಮೇಲೆಲ್ಲ.

ಜೂನ್ 9, ಸಂಜೆ

ಹೊಸ ಸ್ಯಾಡಲ್, ಬಿಗಿ ತಂತಿ ಹಾಕಿಸಿದರೂ ಝರ್ ಪೂರ್ತಿ ಹೋಗಿಲ್ಲ. ಕುತ್ತಿಗೆಯ ಎರಡನೆಯ ಮೆಟ್ಟಿಲು, ಅದೇ ಫ್ರೆಟ್‌ನಲ್ಲಿ ಇನ್ನೂ ಸಣ್ಣಗೆ ಗೊಣಗುತ್ತದೆ. ವಾರಕ್ಕೊಮ್ಮೆ ಇಬ್ಬರೂ ಒಂದೊಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡುತ್ತೇವೆ. ಉಬ್ಬು ಕಡಿಮೆಯಾಗಿದೆ ಎನ್ನುತ್ತೇನೆ ನಾನು. ಇಲ್ಲ ಎನ್ನುತ್ತಾನೆ ಅವನು. ಜಗಳವೂ ಆಯಿತು, ನಮ್ಮ ಮೊದಲನೆಯದು! ಅತ್ತೆ ಆ ದಿನ ಬಹಳ ಖುಷಿಯಲ್ಲಿದ್ದರು.

ಈಗ ನುಡಿಸುತ್ತಿದ್ದೆ, ಅವನು ಹಾಡುತ್ತಿದ್ದ. ಥಟ್ಟನೆ ನಿಲ್ಲಿಸಿ ಕೇಳಿದ, "ನನ್ನ ಹಾಡು ಹೇಗಿರುತ್ತೆ? ನಿಜ ಹೇಳು."

ಎರಡು ನಿಮಿಷ ತಡಿ, ಡೈರಿ ಬರೀಬೇಕು ಎಂದು ಎದ್ದು ಬಂದೆ. ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದಾನೆ. ಹೋಗುವ ಹಾಗೆ ಕಾಣುತ್ತಿಲ್ಲ. ಸರಿ, ಹೇಳಿಯೇಬಿಡುತ್ತೇನೆ. ಮಹಾಶಯ, ನಿನ್ನ ಹಾಡು—