ಯುಗಾದಿಯ ಸಪ್ಪೆ ಸಾರು

ಮೇಲೂರು, ಶಿಡ್ಲಘಟ್ಟ ತಾಲ್ಲೂಕು
೨೦-೩-೧೯೬೧

ನಮ್ಮ ಆಂಜಿನಿಯ ಅಪ್ಪನವರಿಗೆ, ಲಕ್ಷ್ಮಿದೇವಿಯ ನಮಸ್ಕಾರಗಳು.

ನಿಮ್ಮ ಕೆಮ್ಮು ಹೇಗಿದೆ? ಮೈಸೂರಿನ ಹಾಸ್ಟೆಲಿನ ಅನ್ನ ಗಟ್ಟಿಯೆಂದು ಬರೆದಿದ್ದಿರಿ. ರಾತ್ರಿ ಬಿಸಿನೀರನ್ನಾದರೂ ಕೇಳಿ ಕುಡಿಯಿರಿ, ಸಂಕೋಚ ಪಡಬೇಡಿ. ಟ್ರೈನಿಂಗ್ ಮುಗಿದು ಮೇಷ್ಟ್ರಾಗಿ ಬರುವವರು ಸೊರಗಿ ಬಂದರೆ ಊರವರು ನನ್ನನ್ನೇ ಕೇಳುತ್ತಾರೆ. ಇಲ್ಲಿ ಎಲ್ಲರೂ ಕ್ಷೇಮ. ಆಂಜಿನಿಯ ಮುಖದ ಊತ ಪೂರಾ ಇಳಿದಿದೆ, ಕಾಲ್ಗೆಜ್ಜೆ ಮತ್ತೆ ಸಡಿಲವಾಗಿದೆ. ಚಿಕ್ಕಬಳ್ಳಾಪುರದ ಡಾಕ್ಟರು ಕಣ್ಣಿನ ರೆಪ್ಪೆ ಎಳೆದು ನೋಡಿ, ಮೂತ್ರದ ಪರೀಕ್ಷೆಯೂ ಚೆನ್ನಾಗಿದೆ ಎಂದರು. ಆದರೂ ಶ್ರಾವಣದ ತನಕ ಉಪ್ಪು ಸೋಕಿಸಬಾರದಂತೆ.

ದೀಪಾವಳಿಯಲ್ಲಿ ಆದದ್ದನ್ನು ನಿಮಗೆ ಅರ್ಧ ಮಾತ್ರ ಬರೆದಿದ್ದೆ. ಮಗುವಿನ ಆಸೆ ಕೆರಳದಿರಲಿ ಎಂದು ನಾವು ಅವಳ ತಟ್ಟೆಯನ್ನು ಒಳಕೋಣೆಯಲ್ಲಿಟ್ಟು, ಹಜಾರದಲ್ಲಿ ಎಲ್ಲರೂ ಒಟ್ಟಿಗೆ ಕುಳಿತು ಉಂಡೆವು. ಅವಳಿಗೆ ನಮ್ಮ ಮಾತು, ನಗು ಎಲ್ಲವೂ ಕೇಳಿಸುತ್ತಿತ್ತು. ಮಧ್ಯಾಹ್ನ ನಾವು ಅಡ್ಡಾಗಿದ್ದಾಗ ಅವಳೇ ಉಪ್ಪಿನಕಾಯಿ ಜಾಡಿಗೆ ಕೈಹಾಕಿದಳು. ಎರಡು ದಿನಕ್ಕೆ ಕಣ್ಣು ಮುಚ್ಚಿಹೋಗುವಷ್ಟು ಬಾತುಕೊಂಡಳು. ಆಗ ಅತ್ತೆಯವರನ್ನು ಅವಳು ಕೇಳಿದ್ದು ಒಂದೇ ಮಾತು, "ಅಜ್ಜೀ, ನಾನೇನ್ ತಪ್ಪು ಮಾಡಿದ್ದೆ, ಬೇರೆ ಕೂರಿಸಿದ್ರಿ?" ಅತ್ತೆಯವರು ಎದ್ದು ಹಿತ್ತಲಿಗೆ ಹೋಗಿಬಿಟ್ಟರು.

ಈ ಯುಗಾದಿಗೆ ತೊಂಡೇಬಾವಿಯಿಂದ ಗಂಗುಲಪ್ಪ ಭಾವನವರು ಸಂಸಾರ ಸಮೇತ ಬರುತ್ತೇವೆಂದು ಹೇಳಿಕಳಿಸಿದಾಗ ನನಗೆ ದಿಗಿಲಾಯಿತು. ಸಾರಿಗೆ ಉಪ್ಪು ಕಮ್ಮಿಯಾಯಿತೆಂದು ಬೀಗರ ಮನೆಯಲ್ಲೇ ಎಲೆ ಬಿಟ್ಟೆದ್ದವರು ನಿಮ್ಮಣ್ಣ. ಅತ್ತೆಯವರು ಮಾತ್ರ ಹಬ್ಬದ ಬೆಳಿಗ್ಗೆ ಉಪ್ಪಿನ ಮರಿಗೆಯನ್ನು ಅಟ್ಟದ ಮೇಲಿಟ್ಟು, "ಇವತ್ತು ಒಂದೇ ಪಾತ್ರೆ, ಒಂದೇ ಅಡಿಗೆ. ಬಂದೋರು ಉಣ್ಲಿ, ಬಿಡ್ಲಿ" ಎಂದರು. ಭಾವನವರಿಗೆ ಮೊದಲೇ ಹೇಳೋಣವೆಂದರೆ ಅದಕ್ಕೂ ಬಿಡಲಿಲ್ಲ. ಒಬ್ಬಟ್ಟಿಗೆ ತೊಂದರೆಯಿರಲಿಲ್ಲ, ಬೆಲ್ಲ ಕೈಹಿಡಿಯಿತು. ಒಬ್ಬಟ್ಟಿನ ಸಾರಿನದೇ ಯೋಚನೆ. ಮೆಣಸು, ಜೀರಿಗೆ, ಹುಣಸೆ ಮುಂದು ಮಾಡಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟೆ. ಕೋಸಂಬರಿಗೂ ಚಿತ್ರಾನ್ನಕ್ಕೂ ನಿಂಬೆಹಣ್ಣು ಹಿಂಡಿದೆ.

ಎಲೆ ಹಾಕುತ್ತಿದ್ದಂತೆ ಆಂಜಿನಿ ಯಾರೂ ಹೇಳದೆ ತನ್ನ ತಟ್ಟೆ ಎತ್ತಿಕೊಂಡು ಒಳಕೋಣೆಗೆ ಹೊರಟಳು. ಅದನ್ನು ನೋಡಿ ನನ್ನ ಕೈಯ ಸೌಟು ನಿಂತುಹೋಯಿತು. ಅತ್ತೆಯವರು ಅವಳ ಭುಜ ಹಿಡಿದು ತಂದು ಭಾವನವರ ಪಕ್ಕದ ಎಲೆಗೇ ಕೂರಿಸಿದರು. ಅವಳು ಎಲೆಗಳನ್ನೆಲ್ಲ ನೋಡಿ, "ಅಜ್ಜೀ, ದೊಡ್ಡಪ್ಪನಿಗೆ ಉಪ್ಪು ಬಡಿಸಿಲ್ಲ" ಎಂದಳು. "ಇವತ್ತು ಈ ಮನೇಲಿ ಯಾರಿಗೂ ಇಲ್ಲ ಕಣೇ. ನಿನ್ನ ಊಟಾನೇ ಎಲ್ಲರ ಊಟ" ಎಂದರು ಅತ್ತೆಯವರು.

ಭಾವನವರು ಸಾರು ಕಲಸಿ ಒಂದು ತುತ್ತು ಬಾಯಿಗಿಟ್ಟರು. ಅಗಿಯುವುದು ನಿಂತಿತು. ಓರಗಿತ್ತಿ ತಲೆ ತಗ್ಗಿಸಿದರು. ಆಂಜಿನಿ ದೊಡ್ಡಪ್ಪನ ಬಾಯನ್ನೇ ನೋಡುತ್ತಿದ್ದಳು. ಅಷ್ಟರಲ್ಲಿ ಅವರ ಚಿಕ್ಕಮಗ ಚಲಪತಿ "ಥೂ, ಸಪ್ಪಗೈತೆ" ಎಂದುಬಿಟ್ಟ. ಆಂಜಿನಿ ಅವನ ಕಡೆ ತಿರುಗಿ, ದೊಡ್ಡವರ ಹಾಗೆ, "ಮೊದ್ಲು ಹಂಗೇ ಇರುತ್ತೆ ಕಣೋ. ನಿಂಬೆಹಣ್ಣು ಹಿಂಡ್ಕೊಂಡು, ಕೊತ್ತಂಬರಿ ಸೊಪ್ಪಿನ ಜೊತೆ ನಿಧಾನಕ್ಕೆ ಅಗಿ. ಆಮೇಲೆ ಬೇಳೆ ರುಚಿ ಬರುತ್ತೆ" ಎಂದಳು. ಇಷ್ಟು ತಿಂಗಳು ಈ ಕೂಸು ಒಬ್ಬಳೇ ಕೂತು ಏನೆಲ್ಲ ಕಲಿತಿದ್ದಾಳೆ ಎಂದು ನನಗೆ ಆಗಲೇ ತಿಳಿದದ್ದು.

ಭಾವನವರು ಬಾಯಲ್ಲಿದ್ದ ತುತ್ತು ನುಂಗಿದರು. "ನಂಗೂ ಒಂದು ಹೋಳು ಕೊಡಮ್ಮಾ ಆಂಜಿನಮ್ಮಾ, ಹೆಂಗೆ ಹಿಂಡ್ಬೇಕೋ ತೋರ್ಸು" ಎಂದರು. ಅವಳು ತೋರಿಸಿದಳು, ಅವರು ಹಾಗೆಯೇ ಉಂಡರು. ಎರಡನೆಯ ಸಲ ಸಾರು ಹಾಕಿಸಿಕೊಂಡು, "ಇಂಕೊಂಚೆಂ, ಇನ್ನೂ ಸ್ವಲ್ಪ" ಎಂದು ಮತ್ತೆ ಕೈ ಚಾಚಿದರು. ರುಚಿಯಾಗಿತ್ತೆಂದು ನಾನು ಹೇಳುವುದಿಲ್ಲ, ನಾನೂ ಉಂಡಿದ್ದೇನೆ. ಆದರೆ ಎಲೆಯಲ್ಲಿ ಒಂದು ಅಗುಳನ್ನೂ ಬಿಡಲಿಲ್ಲ ಅವರು. ಆಂಜಿನಿ ಎರಡು ಒಬ್ಬಟ್ಟು ತಿಂದು, ದೊಡ್ಡಪ್ಪನ ತೊಡೆಗೊರಗಿ ಅಲ್ಲೇ ನಿದ್ದೆಹೋದಳು. ಕಾಲು ಜೋಮು ಹಿಡಿದರೂ ಅವರು ಏಳಲಿಲ್ಲ. ಆ ಹೊತ್ತು ನಿಮ್ಮಣ್ಣನಿಗೆ ಮನಸ್ಸಿನಲ್ಲೇ ಕೈಮುಗಿದೆ. ಈ ಮನೆಗೆ ಸೊಸೆಯಾಗಿ ಬಂದದ್ದು ನನ್ನ ಪುಣ್ಯ ಎಂದುಕೊಂಡೆ.

ಮರುದಿನ ಹೊಸತೊಡಕಿನ ಬಾಡೂಟಕ್ಕೆ ಆಂಜಿನಿಯ ಪಾಲು ತೆಗೆದಿಟ್ಟ ಮೇಲೆ ಉಪ್ಪು ಹಾಕಿದೆವು. ನಾವೇನು ಋಷಿಗಳಲ್ಲ. ಆದರೂ ಅವಳ ಎಲೆ ನಮ್ಮ ಸಾಲಿನಲ್ಲೇ ಇತ್ತು, ಅವಳು ಕೈ ಚಾಚಲಿಲ್ಲ.

ಅತ್ತೆಯವರು ನಿಮಗೆ ಆಶೀರ್ವಾದ ತಿಳಿಸಿದ್ದಾರೆ. ಆಂಜಿನಿ ಮುತ್ತು ಕಳಿಸಿದ್ದಾಳೆ. ಮೈ ಜೋಪಾನ.

ನಿಮ್ಮ,
ಲಕ್ಷ್ಮಿದೇವಿ

ವಿ.ಸೂ.: ಟಪಾಲಿನವನು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಹೊಸತೊಡಕಿನ ದಿನ ಅತ್ತೆಯವರು ಆಂಜಿನಿಯ ಪಾತ್ರೆಯಿಂದಲೇ ಬಡಿಸಿಕೊಂಡರು. ಒತ್ತಿ ಕೇಳಿದರೆ, ದೀಪಾವಳಿಯಿಂದ ಅವರು ಉಪ್ಪು ಮುಟ್ಟಿಯೇ ಇಲ್ಲವಂತೆ. ದಿನಾ ಎಲ್ಲರ ಊಟವಾದ ಮೇಲೆ ಒಬ್ಬರೇ ಉಣ್ಣುತ್ತಿದ್ದುದು ಇದಕ್ಕೇ. "ಕೂಸು ತಿನ್ನೋ ದಿನ ನಾನೂ ತಿಂತೀನಿ, ನಿನ್ನ ಗಂಡನಿಗೆ ಬರೀಬೇಡ" ಎಂದಿದ್ದಾರೆ. ಮೊನ್ನೆ ಹಿಪ್ಪುನೇರಳೆ ತೋಟದಲ್ಲಿ ಬಿಸಿಲಿಗೆ ತಲೆಸುತ್ತಿ ಕುಳಿತುಬಿಟ್ಟರು. ನನ್ನ ಮಾತು ಕೇಳುವುದಿಲ್ಲ, ನಿಮ್ಮ ಮಾತು ಕೇಳುತ್ತಾರೆ. ಆಂಜಿನಿಗೆ ಈಗ ಓದಲು ಬರುತ್ತದೆ, ಉಪ್ಪು ತಿನ್ನಿರೆಂದು ಅತ್ತೆಯವರಿಗೆ, ಅವಳ ಕಣ್ಣಿಗೆ ಬೀಳದಂತೆ, ಬೇರೆ ಹಾಳೆಯಲ್ಲಿ ಬರೆಯಿರಿ. ಬೈದು ಮಾತ್ರ ಬರೆಯಬೇಡಿ. ಅವರಿಗೆ ಓದಿ ಹೇಳಬೇಕಾದವಳು ನಾನು, ನನ್ನ ಬಾಯಿಗೆ ಅದು ಬರುವುದಿಲ್ಲ.