ಕೂಗುವ ಬ್ರೇಕು

ಬೀದರ, ೧೯೩೮

ಹಾವಗೆಪ್ಪ ಕಾಕಾ, ಶರಣು.

ಈ ಓಲೆಯನ್ನು ಯಾವ ಟಪಾಲಿನವನೂ ನಿಮಗೆ ಮುಟ್ಟಿಸಲಾರ. ಆದರೂ ಇವತ್ತಿನ ಸಂಗತಿ ನಿಮಗೆ ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ.

ನಮ್ಮ ಲಾರಿಯ ಬ್ರೇಕಿನ ಪಟ್ಟಿ ಸವೆದಿತ್ತು. ಅಂಗಡಿಯ ಭಾಲಚಂದ್ರರಾಯರು ಎರಡು ನಮೂನೆ ತೆಗೆದಿಟ್ಟರು. "ಇದು ಮೆತ್ತಗದ, ಸಪ್ಪಳ ಇಲ್ಲ. ಅದು ಘಟ್ಟಿ ಹಿಡಿತದ, ಖರೆ ಭಾಳ ಒದರ್ತದ್ರಿ," ಎಂದರು. ನಿಮ್ಮ ಹಾಗೆಯೇ ಎರಡನ್ನೂ ಉಗುರಿನಿಂದ ಕೆರೆದು ನೋಡಿ, ಒದರುವುದನ್ನೇ ತಂದೆ.

ನಾನು ಬಂಡಿ ಹೊಡೆದು ಬೆಳೆದವನು. ಗಾಲಿ ಕಿರುಗುಟ್ಟಿದರೆ ಎಣ್ಣೆ ಬಿಡುವುದಷ್ಟೇ ಗೊತ್ತಿತ್ತು. ನೀವು ಓಡಿಸುತ್ತಿದ್ದ ಲಾರಿಗೆ ಕ್ಲೀನರಾಗಿ ಸೇರಿದ ವರ್ಷ ಕಿರುಗುಟ್ಟುವ ಬ್ರೇಕಿಗೂ ಔಡಲೆಣ್ಣೆ ಬಿಟ್ಟೆ. ಅಷ್ಟೂರಿನ ಇಳಿಜಾರಿನಲ್ಲಿ ಲಾರಿ ನಿಲ್ಲದೆ ಬೇವಿನ ಮರಕ್ಕೆ ಬಡಿದಾಗ, ನೀವು ಇಳಿದು ಬಂದು ನನ್ನ ಕೈ ಮೂಸಿ ನೋಡಿದಿರಿ. ಬೈಯಲಿಲ್ಲ. ಪೊಲೀಸ್ ಠಾಣೆಯ ಅಮೀನ ಸಾಹೇಬರ ಮುಂದೆ, "ಬ್ರೇಕ್ ಒತ್ಲಾಕ ನಂದೇ ತಡ ಆಯ್ತ್ರಿ," ಎಂದಿರಿ. ನಿಮ್ಮ ಲೈಸನ್ಸು ಹೋಯಿತು. ಆಮೇಲೆ ಸಾಯುವ ತನಕ ನನ್ನ ಪಕ್ಕದಲ್ಲೇ ಕೂತು ನನಗೆ ಲಾರಿ ಕಲಿಸಿದಿರಿ.

ಇಂದು ಮಧ್ಯಾಹ್ನ ಹೊಸ ಪಟ್ಟಿ ಹಾಕಿಸಿ ಎಕಂಬಾಕ್ಕೆ ಹೊರಟೆ. ಅದೇ ಇಳಿಜಾರಿನಲ್ಲಿ ಬ್ರೇಕು ನವಿಲಿನ ಹಾಗೆ ಕೂಗಿತು. ಊರಿಗೆ ಹೋಗಲೆಂದು ಲಾರಿ ಹತ್ತಿದ್ದ ಅನುಸೂಯಾಬಾಯಿಯವರು ಕಿವಿ ಮುಚ್ಚಿಕೊಂಡು, "ತಮ್ಮಾ, ಇದಕ್ಕ ಚೂರು ಎಣ್ಣಿ ಬಿಡಬಾರ್ದೇನು?" ಎಂದರು.

ಬದಿಯ ಹೊಲದಲ್ಲಿ ನಿಮ್ಮ ಸಮಾಧಿ ಕಾಣುತ್ತಿತ್ತು.

"ಒದರ್ಲಿ ಬಿಡ್ರಿ, ಅವ್ವಾ," ಎಂದೆ. "ನಮ್ಮ ಕಾಕಾಗ ಕೇಳಿಸ್ಬೇಕು."

ನಿಮ್ಮ ಮನ್ಮಥ