ನಿನ್ನ ಭಾವ ಹೇಳಿದ ಸಾಕ್ಷಿ

ಭಾನುವಾರ, ಮಾರ್ಚ್ ೯

ಪ್ರೀತಿಯ ತಂಗಿ,

ನೀನೂ ಮನೆಯವರೂ ಚೆನ್ನಾಗಿದ್ದೀರಿ ಎಂದುಕೊಂಡೇ ಶುರುಮಾಡುತ್ತೇನೆ. ನಿನ್ನ ಕಾಗದಗಳು ಬಂದು ಕೂತಿವೆ. ಉತ್ತರ ಬರೆಯಲಿಲ್ಲವೆಂದು ಬೈದುಕೊಂಡಿರುತ್ತೀಯ, ಬೈದುಕೋ. ಪೆನ್ನು ಹಿಡಿದಾಗಲೆಲ್ಲ ಎಲ್ಲಿಂದ ಎತ್ತಿಕೊಳ್ಳಲಿ ಎಂದು ತೋಚದೆ ಕೆಳಗಿಡುತ್ತಿದ್ದೆ. “ಅಕ್ಕಾ, ಆಕಾಶದಲ್ಲಿ ಏನೋ ನೋಡಿದೆಯಂತೆ, ನಿಜವಾ?” ಎಂದು ಕೇಳಿದ್ದೀಯ. ನಿಜ.

ನಮ್ಮ ಆಸ್ಪತ್ರೆಯ ತಾರಸಿ ನಿನಗೆ ಗೊತ್ತಲ್ಲ, ವಾರ್ಡುಗಳ ಹೊದಿಕೆ, ಹಾಸುಬಟ್ಟೆಗಳನ್ನೆಲ್ಲ ನಾನು ಒಣಹಾಕುವ ಜಾಗ. ಅವತ್ತು ಸಂಜೆ ಬಟ್ಟೆ ತೆಗೆಯುತ್ತಿದ್ದೆ. ನೀರಿನ ಟ್ಯಾಂಕಿನ ಆಚೆ, ವಿಮಾನಗಳು ಇಳಿಯುವ ದಾರಿಯಲ್ಲಿ, ಬೂದುಬಣ್ಣದ ಉದ್ದನೆಯದೊಂದು ನಿಂತಿತ್ತು. ರೆಕ್ಕೆ ಇಲ್ಲ, ಸದ್ದಿಲ್ಲ. ಆಮೇಲೆ ಗಾಳಿಗೆ ಎದುರಾಗಿ ಸರಿದು ಮೋಡದೊಳಗೆ ಹೋಯಿತು. ಅಷ್ಟರಲ್ಲಿ ವಿಮಾನ ಬಂದರೆ ಗತಿಯೇನು ಎಂದು ಕೆಳಗೋಡಿ ಕಾವಲುಗಾರನಿಗೆ ಹೇಳಿದೆ, ಅವನು ವಿಮಾನ ನಿಲ್ದಾಣಕ್ಕೆ ಫೋನು ಮಾಡಿದ. ಅಷ್ಟೇ ನಾನು ಮಾಡಿದ ಘನಕಾರ್ಯ.

ಮರುದಿನದಿಂದ ನನ್ನ ಹೆಸರು ಗಗನಕ್ಕ. “ಏನ್ ಗಗನಕ್ಕ, ಇವತ್ತು ಮೇಲಿಂದ ನೆಂಟರು ಬರಲಿಲ್ವಾ?” ಅಂದಳು ಅಡುಗೆಮನೆಯವಳು. “ಬಂದಿದ್ರು ಕಣೆ, ನಿನ್ನ ಚಹಾ ಕುಡಿದು ಓಡಿಹೋದ್ರು” ಅಂದೆ. ಎಲ್ಲರೂ ನಕ್ಕರು. ಮೇಲ್ವಿಚಾರಕಿ ಮಾತ್ರ ನಗಲಿಲ್ಲ. “ಇಲ್ಲದ್ದು ಕಾಣೋರನ್ನ ತಾರಸಿ ಮೇಲೆ ಬಿಡೋಕಾಗಲ್ಲಮ್ಮ. ಸರ್ಕಾರದೋರು ವಿಚಾರಣೆಗೆ ಬರ್ತಾರಂತೆ, ಅವರೇನು ಹೇಳ್ತಾರೋ ನೋಡೋಣ” ಅಂದರು. ನಿನ್ನ ಭಾವ ಲಿಫ್ಟಿನ ಸ್ಟೂಲಿನ ಮೇಲೆ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಇಡೀ ದಿನ ಮೇಲೆ ಕೆಳಗೆ ಓಡಾಡಿದರೂ ಆಕಾಶ ಕಾಣದ ಕೆಲಸ ಅವರದು.

ಬಂದ ಅಧಿಕಾರಿ ನಮ್ಮ ತಮ್ಮನ ವಯಸ್ಸಿನವರು. ಬಟ್ಟೆ ಮಡಿಸುವ ಕೋಣೆಯಲ್ಲೇ ಕುರ್ಚಿ ಹಾಕಿಸಿಕೊಂಡರು.

“ಅವಸರ ಇಲ್ಲಮ್ಮ. ಕೈ ಚಾಚಿ ಹಿಡಿದ್ರೆ ಎಷ್ಟು ದೊಡ್ಡದು?”

“ಬಟ್ಟೆಗೆ ಸಿಕ್ಕಿಸೋ ಕ್ಲಿಪ್ಪಿನಷ್ಟು.”

“ಬಲೂನ್ ಇರಬಹುದಲ್ವಾ?”

“ಬಟ್ಟೆ ಈ ಕಡೆ ಹಾರ್ತಿತ್ತು ಸಾರ್, ಅದು ಆ ಕಡೆ ಹೋಯ್ತು.”

ಅವರು ತಲೆಯೆತ್ತಿ ನನ್ನನ್ನೇ ನೋಡಿದರು. ತಂಗಿ, ಯಾರೋ ನನ್ನನ್ನೊಂದು ಮಾತು ಕೇಳಿ, ಉತ್ತರಕ್ಕೆ ಕಾದು ಕೂತದ್ದು ಈ ವಯಸ್ಸಿಗೆ ಅದೇ ಮೊದಲು. ಕಂಡದ್ದನ್ನು ಕಂಡ ಹಾಗೆ ಬರೆದುಕೊಡಿ ಅಂದರು. ಚಿತ್ರ ಬರೆದುಕೊಟ್ಟೆ. “ಬೇರೆ ಯಾರಾದ್ರೂ ನೋಡಿದಾರಾ?” ಅಂದರು. ಇಲ್ಲ ಎನ್ನುವಷ್ಟರಲ್ಲಿ ಬಾಗಿಲಲ್ಲಿ ನಿನ್ನ ಭಾವ. “ನಾನೂ ನೋಡಿದೀನಿ ಸಾರ್. ಸಿಗರೇಟು ಸೇದೋಕೆ ಮೇಲೆ ಹೋಗಿದ್ದೆ.”

ಒಬ್ಬರು ಹೇಳಿದ್ದು ಇನ್ನೊಬ್ಬರ ಕಿವಿಗೆ ಬೀಳಬಾರದು ಎಂಬುದು ಅವರ ಪದ್ಧತಿಯಂತೆ. ನನ್ನನ್ನು ಹೊರಗಿನ ಬೆಂಚಿಗೆ ಕಳಿಸಿದರು. ಮತ್ತೆ ಕರೆದಾಗ ಮೇಜಿನ ಮೇಲೆ ನನ್ನ ಚಿತ್ರದ ಪಕ್ಕ ಇನ್ನೊಂದು. ನಿನ್ನ ಭಾವ ದುಂಡಗೆ ತಟ್ಟೆ ಬರೆದು, ಸುತ್ತಲೂ ಕೆಂಪು ದೀಪ, ಹಸಿರು ದೀಪ ಕೂರಿಸಿದ್ದರು, ಮದುವೆಮನೆಯ ಹಾಗೆ.

“ಒಂದೇ ಜಾಗ, ಒಂದೇ ಹೊತ್ತು ಅಂತೀರಿ. ಇದರಲ್ಲಿ ಯಾವುದಮ್ಮ?”

ನಿನ್ನ ಭಾವ ತಾರಸಿಗೆ ಬಂದೇ ಇರಲಿಲ್ಲ ಎಂದಿದ್ದರೆ ನನ್ನ ಮಾತು ಉಳಿಯುತ್ತಿತ್ತು, ಸುಳ್ಳು ಸಾಕ್ಷಿ ಹೇಳಿದ್ದಕ್ಕೆ ಇವರ ಕೆಲಸ ಹೋಗುತ್ತಿತ್ತು. ಇವರು ನೆಲ ನೋಡುತ್ತಾ ನಿಂತಿದ್ದರು. “ಸಂಜೆ ಮಬ್ಬು ಸಾರ್, ಸರಿಯಾಗಿ ಕಾಣಲಿಲ್ಲ” ಅಂದುಬಿಟ್ಟೆ. ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿದರು.

ಮೊನ್ನೆ ಮೇಲ್ವಿಚಾರಕಿ ವರದಿ ಓದಿ ಹೇಳಿದರು. ಹೇಳಿಕೆಗಳು ಒಂದಕ್ಕೊಂದು ಹೊಂದುವುದಿಲ್ಲ, ನಂಬಲು ಯೋಗ್ಯವಲ್ಲ, ವಿಚಾರಣೆ ಮುಗಿದಿದೆ. ನನ್ನನ್ನು ನೆಲಮಾಳಿಗೆಗೆ, ಒಗೆಯುವ ಯಂತ್ರಗಳ ಹತ್ತಿರ ಹಾಕಿದ್ದಾರೆ. ಅಲ್ಲಿ ಕಿಟಕಿ ಇಲ್ಲ. ಹೊತ್ತು ಮುಳುಗಿದ್ದು ಮನೆಗೆ ಹೊರಟಾಗಲೇ ಗೊತ್ತಾಗುವುದು.

ನಿನ್ನ ಭಾವನ ಮೇಲೆ ಸಿಟ್ಟಾಗಬೇಡ. “ನೀನೊಬ್ಬಳೇ ಅವರ ಮುಂದೆ ಕೂತಿರೋದನ್ನ ನೋಡೋಕಾಗ್ಲಿಲ್ಲ” ಅಂದರು. ನಾಲ್ಕು ಜನರ ಮುಂದೆ ನನ್ನ ಪರವಾಗಿ ಎಂದೂ ಬಾಯಿ ಬಿಟ್ಟವರಲ್ಲ. ಬಿಟ್ಟಾಗ ಹೀಗಾಯಿತು.

ಮೊಣಕಾಲಿಗೆ ಎಣ್ಣೆ ಹಚ್ಚುವುದನ್ನು ತಪ್ಪಿಸಬೇಡ. ಮಕ್ಕಳು ನೂರುಕಾಲ ಸುಖವಾಗಿರಲಿ, ಅವರ ಮಾತಿಗೆ ಕಿವಿಗೊಡುವವರು ಸಿಗಲಿ.

ಇಂತಿ ನಿನ್ನ ಅಕ್ಕ

ಮತ್ತೊಂದು ಮಾತು: ನಿನ್ನೆ ಊಟಕ್ಕೆ ಬಡಿಸುತ್ತಾ ಕೇಳಿದೆ, “ಈಗ ಇಲ್ಲಿ ಯಾರೂ ಇಲ್ಲ. ನಾನು ನೋಡಿದ್ದು ನಿಜ ಅಂತ ನೀವಾದ್ರೂ ನಂಬಿದ್ರಾ?” “ಅದೆಲ್ಲ ಈಗ್ಯಾಕೆ? ನೀನು ನನ್ನ ಹೆಂಡತಿ, ಅದಕ್ಕೆ ಹೇಳಿದೆ” ಅಂದರು. ಆಮೇಲೆ ಉಪ್ಪು ಕೇಳಿದರು. ಕೊಟ್ಟೆ.